ಎಡಗಡೆಯ ಜಾಗ

ಕುಂಕುಮದ ಬಟ್ಟಲನ್ನು ಪ್ರಾಜಕ್ತಾ ಅಪ್ಪನ ಕೈಯಿಂದ ಕಿತ್ತುಕೊಂಡಳು. ಅರ್ಧ ಕುಂಕುಮ ಹೆಣಕ್ಕೆ ಉಡಿಸಿದ್ದ ಹಸಿರು ಸೀರೆಯ ಮೇಲೆ ಚೆಲ್ಲಿತು.

"ಹುಚ್ಚ ಹಿಡದೈತೇನ ನಿನಗ?" ದೊಡ್ಡಪ್ಪ ಬಾಳಾಸಾಬ ಗದರಿದ. "ಮುತ್ತೈದಿ ಸತ್ತಾಳ. ಗಂಡ ಕುಂಕುಮ ಹಚ್ಚಲಾರದ ಹೆಣ ಎತ್ತಾಕ ಬರೂದಿಲ್ಲ."

"ಹಚ್ಚಗೊಡಾಂಗಿಲ್ಲ ದೊಡ್ಡಪ್ಪ. ಅವ್ವನ ಮೈಮ್ಯಾಲೆ ಇನ್ನ ಅಂವನ ಕೈ ಬೀಳಬಾರದು."

ಹೆಣದ ತಲೆದೆಸೆಯಲ್ಲೇ ಅವಳು ಕುಕ್ಕರಿಸಿದಳು. ಅಪ್ಪ ತುಕಾರಾಮ ತಲೆ ತಗ್ಗಿಸಿ, ನೆರೆದವರಿಗೆ ಅಯ್ಯೋ ಅನ್ನಿಸುವ ಹಾಗೆ ನಿಂತ. ಅದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಮೂರು ದಿನದ ಜ್ವರಕ್ಕೆ ಸಕ್ಕುಬಾಯಿ ಹೋದಳೆಂದು ಬೆಳಗಿನಿಂದ ಎಲ್ಲರೆದುರು ಅತ್ತಿದ್ದ.

*

ಅದು ಎರಡು ಸಾವಿರದ ನಾಲ್ಕನೆಯ ಇಸವಿ. ರೊಟ್ಟಿ ಸೀದಿತ್ತು, ಅಷ್ಟೇ. ಒಲೆಯ ಬಳಿ ಬಿದ್ದಿದ್ದ ಕಬ್ಬಿಣದ ಊದುಗೊಳವೆಯನ್ನು ಎತ್ತಿ ತುಕಾರಾಮ ಹೆಂಡತಿಯ ಎಡಗಿವಿಗೆ ಬಾರಿಸಿದ. ಕಿವಿ ಹರಿದು ರಕ್ತ ಹಿಟ್ಟಿನ ಪರಾತಕ್ಕೆ ಸುರಿಯಿತು. ಅವಳು ಬಿದ್ದ ಮೇಲೂ ಎರಡು ಸಲ ಹೊಡೆದ. ಆರು ವರ್ಷದ ಪ್ರಾಜಕ್ತಾ ಬಾಗಿಲ ಸಂದಿಯಲ್ಲಿ ನಿಂತು ನೋಡಿದಳು.

ತಿಂಗಳೊಪ್ಪತ್ತಿನಲ್ಲಿ ಕಿವಿಯ ಗಾಯ ಮಾಯಿತು. ಆದರೆ ಎಡಹೆಗಲು ಕಿವಿಯವರೆಗೆ ಏರಿದ್ದು ಇಳಿಯಲೇ ಇಲ್ಲ. ಎಲುಬು ಸರಿ ಇದೆಯೆಂದರು ಡಾಕ್ಟರು. ಎಲ್ಲಾದರೂ ಒಂದು ತಂಬಿಗೆ ಬಿದ್ದರೂ ಸಕ್ಕುಬಾಯಿಯ ಕೈ ನಡುಗಿ, ಬೀಡಿ ಕಟ್ಟುವ ಮೊರದಲ್ಲಿನ ತಂಬಾಕು ಚೆಲ್ಲುತ್ತಿತ್ತು.

ನಿಪ್ಪಾಣಿಯ ಆ ಓಣಿಯ ಹೆಂಗಸರು ಬೀಡಿ ಕಟ್ಟಲು ಸೇರುತ್ತಿದ್ದುದು ಮಲಕವ್ವನ ಕಟ್ಟೆಯಲ್ಲಿ. ಒಂದು ದಿನ ಮಲಕವ್ವ ತನ್ನ ಮೊರ ಎತ್ತಿಕೊಂಡು ಬಂದು ಸಕ್ಕುಬಾಯಿಯ ಎಡಗಡೆಗೆ, ಮೈಗೆ ಮೈ ತಾಗಿಸಿ ಕುಳಿತಳು.

"ಈ ಕಡೆ ನಾ ಅದೀನಿ. ನೀ ಬೀಡಿ ಕಟ್ಟ."

ಹನ್ನೆರಡು ವರ್ಷ ಆ ಜಾಗವನ್ನು ಅವಳು ಬೇರೆ ಯಾರಿಗೂ ಬಿಡಲಿಲ್ಲ. ಕೈನಡುಕ ನಿಂತಿತು, ಹೆಗಲು ಬೆರಳು ಬೆರಳಾಗಿ ಇಳಿಯಿತು. ಸಂಜೆ ಮನೆಗೆ ಹೋದರೆ ಮತ್ತೆ ಏರುತ್ತಿತ್ತು, ಪಾಪ.

*

ಇಂದು ಹೆಣಕ್ಕೆ ನೀರೆರೆಯುವಾಗ ಎರಡೂ ಹೆಗಲು ಸಮ ಇದ್ದವು. ಅದನ್ನು ಕಂಡು ಮಲಕವ್ವನಿಗೆ ಅಳು ತಡೆಯಲಾಗಿರಲಿಲ್ಲ. ಈಗಲೂ ಹೆಣದ ಎಡಗಡೆಗೇ ಕುಳಿತಿದ್ದಳು.

"ಕೊಡ್ತೀಯೋ ಇಲ್ಲೋ, ರಂಡೆ!" ತುಕಾರಾಮನ ಸೋಗು ಕಳಚಿತು. ಮಗಳ ಜಡೆ ಹಿಡಿದು ಜಗ್ಗಿ ಕೈ ಎತ್ತಿದ.

ಪ್ರಾಜಕ್ತಾಳ ಎಡಹೆಗಲು ಸರಕ್ಕನೆ ಕಿವಿಗೇರಿತು. ಬಟ್ಟಲನ್ನು ಮಾತ್ರ ಅವಳು ಬಿಡಲಿಲ್ಲ.

ಮಲಕವ್ವ ನೆಲಕ್ಕೆ ಕೈಯೂರಿ ಎದ್ದಳು. ತುಕಾರಾಮನ ಮುಷ್ಟಿಯಿಂದ ಜಡೆ ಬಿಡಿಸಿ, ಅಪ್ಪ ಮಗಳ ನಡುವೆ ತೂರಿ, ಪ್ರಾಜಕ್ತಾಳ ಎಡಗಡೆಗೆ ಮೈ ತಾಗಿಸಿ ಕುಳಿತಳು.

"ಈ ಕಡೆ ನಾ ಅದೀನಿ. ನೀ ಹಚ್ಚ."

ತುಕಾರಾಮನ ಎತ್ತಿದ ಕೈ ಹಾಗೇ ನಿಂತಿತ್ತು. ಪ್ರಾಜಕ್ತಾ ಬೆರಳಿಗೆ ಕುಂಕುಮ ತೆಗೆದುಕೊಂಡು ಅವ್ವನ ಹಣೆಯ ಮೇಲೆ ಬಾಗಿದಳು. ಅವಳ ಹೆಗಲು ಒಂದು ಬೆರಳಿನಷ್ಟು ಇಳಿಯಿತು.