ಸಿಪ್ಪೆ ಸುಲಿದ ಕೆಂಪು ಮೊಟ್ಟೆ

ಆ-ಖಿಮ್‌ಳ ಹುಟ್ಟುಹಬ್ಬಕ್ಕೆ ಬಂದವರು ಹೊಟ್ಟೆ ತುಂಬ ಉಂಡು ಕಣ್ಣು ತುಂಬ ಅಳುತ್ತಿದ್ದರು. ಚಿಕ್ಕವಳಿದ್ದಾಗ ಅವಳಿಗೆ ಇದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ. ತೈಪೆಯ ಆ ಚಹಾ ಮಂಡಿಗಳ ಗಲ್ಲಿಯಲ್ಲಿ ತನ್ನಷ್ಟು ಮುದ್ದಿನ ಮಗು ಇನ್ನೊಂದಿಲ್ಲ, ಅದಕ್ಕೇ ಹೆಂಗಸರೆಲ್ಲ ತನ್ನ ಕೆನ್ನೆ ಸವರಿ ಕಣ್ಣೀರು ಹಾಕುತ್ತಾರೆ ಎಂದುಕೊಂಡಿದ್ದಳು. ಆ ಬಗ್ಗೆ ಸಣ್ಣ ಜಂಬವೂ ಇತ್ತು.

ಜಂಬ ಇಳಿದದ್ದು ಸ್ವಲ್ಪ ದೊಡ್ಡವಳಾದ ಮೇಲೆ. ಒಲೆಯ ಮುಂದೆ ಹಂದಿಕಾಲಿನ ಕೂದಲು ಸುಡುತ್ತ ಕೂತಿದ್ದ ಅಮ್ಮ ತಲೆ ಎತ್ತದೆ ಹೇಳಿದಳು: "ಅವ್ರಿಗೆ ಅಳೋಕೆ ಬೇರೆ ಜಾಗ ಇಲ್ಲ ಕಣೇ. ನಿನ್ನ ನೆಪದಲ್ಲಿ ಅತ್ಕೋತಾರೆ. ಅಳ್ಲಿ ಬಿಡು."

ಅವಳು ಹುಟ್ಟಿದ್ದು 1947ರ ಫೆಬ್ರವರಿ ಇಪ್ಪತ್ತೆಂಟರಂದು. ಅದೇ ದಿನ ಸರ್ಕಾರದ ಕಚೇರಿಯ ಮುಂದೆ ನ್ಯಾಯ ಕೇಳಲು ಹೋದ ಜನರ ಮೇಲೆ ಗುಂಡು ಹಾರಿತು. ಆಮೇಲಿನ ವಾರಗಳಲ್ಲಿ ಆ ದ್ವೀಪದಲ್ಲಿ ಎಷ್ಟೋ ಮನೆಗಳಿಂದ ಗಂಡಸರನ್ನು ಸೈನಿಕರು ಎಳೆದುಕೊಂಡು ಹೋದರು. ಆ-ಖಿಮ್‌ಳ ಅಪ್ಪ ಯಾರ ತಂಟೆಗೂ ಹೋದವನಲ್ಲ, ಚಹಾ ಪೆಟ್ಟಿಗೆಗಳ ಮೇಲೆ ಹೂಬಳ್ಳಿ ಬರೆಯುವವನು. ಹೆಂಡತಿಗೆ ನೋವು ಶುರುವಾಯಿತೆಂದು ಸೂಲಗಿತ್ತಿಯನ್ನು ಕರೆಯಲು ಓಡಿದ. ಸೂಲಗಿತ್ತಿ ಬಂದಳು, ಅವನು ಬರಲಿಲ್ಲ. ಹೆಣವೂ ಸಿಗಲಿಲ್ಲ.

ಆ ತಾರೀಖಿನ ಮಾತೆತ್ತುವಂತಿರಲಿಲ್ಲ. ಅಂದು ಸತ್ತವರ ಹೆಸರಲ್ಲಿ ನಾಲ್ಕು ಜನ ಕೂಡಿದರೆ ಪೊಲೀಸರು ಬಾಗಿಲು ತಟ್ಟುತ್ತಿದ್ದರು. ಆದರೆ ಮಗಳ ಹುಟ್ಟುಹಬ್ಬಕ್ಕೆ ಹಂದಿಕಾಲಿನ ಸಾರು, ಶಾವಿಗೆ ಮಾಡಬಾರದೆಂದು ಯಾವ ಕಾನೂನಿನಲ್ಲೂ ಬರೆದಿರಲಿಲ್ಲ. ಗಂಡಂದಿರನ್ನು ಕಳೆದುಕೊಂಡ ಗಲ್ಲಿಯ ಹೆಂಗಸರಿಗೆ ಅಷ್ಟು ಸಂದು ಸಾಕಾಯಿತು.

ಮೂವತ್ತು ವರ್ಷ ಯಾರ ಕಣ್ಣಿಗೂ ಬೀಳದ್ದು ಠಾಣೆಗೆ ಹೊಸದಾಗಿ ಬಂದ ಮೆಂಗ್‌ನ ಕಣ್ಣಿಗೆ ಬಿತ್ತು. ಹುಟ್ಟುಹಬ್ಬದ ಹಿಂದಿನ ದಿನ, ಭಾನುವಾರ, ಅವನು ಟೋಪಿ ತೆಗೆದು ಒಳಗೆ ಬಂದು ಕೂತ. ಆ-ಖಿಮ್ ಚಹಾ ತಂದಿಟ್ಟಳು.

"ಟೀಚರ್, ನಿಮ್ಮ ಗಲ್ಲೀಲಿ ಹುಟ್ಟುಹಬ್ಬ ಚಂದ್ರನ ಲೆಕ್ಕದಲ್ಲಿ ತಾನೇ?"

"ಹೌದು. ಅದರಲ್ಲೇನು?"

"ನಿಮ್ಮಮ್ಮಂದು?"

"ಚಂದ್ರನ ಲೆಕ್ಕಾನೇ."

"ಎದುರು ಮನೆ ಸಿಯಾಂಗ್ ಅಜ್ಜೀದೂ ಅದೇ ಲೆಕ್ಕ, ವಿಚಾರಿಸ್ದೆ. ನಿಮ್ಮದೊಂದೇ ಕಚೇರಿ ಕ್ಯಾಲೆಂಡರಿನ ತಾರೀಖು ಯಾಕೆ? ಪಂಚಾಂಗ ನೋಡಿದ್ರೆ ನಿಮ್ಮದು ಎರಡನೇ ಚಾಂದ್ರಮಾಸದ ಎಂಟನೇ ದಿನ. ಅದಕ್ಕಿನ್ನೂ ತಿಂಗಳಿದೆ." ಅವನು ಚಹಾ ಗುಟುಕರಿಸಿದ. "ಇನ್ನೊಂದು ವಿಷಯ. ಔತಣ ಹಾಕೋದು ಅರವತ್ತಕ್ಕೆ. ಮೂವತ್ತಕ್ಕೆ ಗಲ್ಲಿ ಮುದುಕೀರ್ನೆಲ್ಲ ಯಾರಾದ್ರೂ ಕರೀತಾರಾ?"

ಸಾರು ತಿರುವುತ್ತಿದ್ದ ಅಮ್ಮನ ಕೈ ನಿಂತುಹೋಯಿತು. ಇಷ್ಟು ವರ್ಷ ನಗುನಗುತ್ತಲೇ ಎಲ್ಲರ ಕಣ್ಣಿಗೆ ಮಣ್ಣೆರಚಿದವಳು ಎಡವಿದ್ದು ಇಲ್ಲೇ, ಕಾಲ ಕೆಳಗಿನ ಕಲ್ಲಿಗೆ.

"ನಾನೇನು ರಾಕ್ಷಸ ಅಲ್ಲ," ಎಂದ ಮೆಂಗ್. "ಮುಂದಿನ ತಿಂಗಳು ಮಾಡ್ಕೊಳ್ಳಿ, ನಾನೂ ಬಂದು ಉಣ್ತೀನಿ. ನಾಳೆ ಬೇಡ. ಮಾಡಿದ್ರೆ ನಿಮ್ಮ ಶಾಲೆಗೆ ವರದಿ ಹೋಗುತ್ತೆ. ಆಮೇಲೆ ಕೆಲಸ ಹೋಯ್ತು ಅಂತ ನನ್ನ ಬೈಬೇಡಿ."

ಅವನು ಹೋದಮೇಲೆ ಅಮ್ಮ ಒಲೆ ಆರಿಸಿದಳು. "ಒಂದ್ ವರ್ಷ ಬಿಡೋಣ ಕಣೇ. ಕೆಲಸ ಹೋದ್ರೆ ಏನು ತಿಂತೀಯ?"

ನಿಜ ಹೇಳಬೇಕೆಂದರೆ ಆ ತಾರೀಖಿನ ಮೇಲೆ ಆ-ಖಿಮ್‌ಳಿಗೂ ಸಿಟ್ಟಿತ್ತು. ಒಂದೇ ಒಂದು ವರ್ಷವೂ ಆ ದಿನ ಪೂರ್ತಿ ತನ್ನದಾಗಿರಲಿಲ್ಲ. ಒಂದು ದಿನ ಮೊದಲೋ ಆಮೇಲೋ ಹುಟ್ಟಬಾರದಿತ್ತೇ ಎಂದು ಹರೆಯದಲ್ಲಿ ಎಷ್ಟೋ ಸಲ ಹಲುಬಿದ್ದಳು. ಈಗ ಯಾವನೋ ಬಂದು ಅದನ್ನು ಎತ್ತಿಕೊಂಡು ಹೋಗುತ್ತೇನೆ ಎಂದಾಗ ಮಾತ್ರ ಮೈಯೆಲ್ಲ ಉರಿಯಿತು.

"ಅಮ್ಮ, ನೋವು ಬಂದಾಗ ನೀನೇನು ಪಂಚಾಂಗ ನೋಡ್ಕೊಂಡು ಹೆತ್ಯಾ?"

"ಹುಚ್ಚು ಮಾತಾಡ್ಬೇಡ."

"ಮತ್ತೆ ನಾನ್ಯಾಕೆ ಪಂಚಾಂಗ ನೋಡ್ಕೊಂಡು ಹುಟ್ಲಿ? ಕೆಲಸ ಹೋದ್ರೆ ಹೋಗ್ಲಿ. ಒಲೆ ಹಚ್ಚು."

ಅಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ಬೆಂಕಿಪೊಟ್ಟಣ ಹುಡುಕಿದಳು.

ಮರುದಿನ ಆ-ಖಿಮ್ ಶಾಲೆಗೆ ರಜೆ ಹಾಕಿದಳು. ಮಧ್ಯಾಹ್ನಕ್ಕೆ ಅಜ್ಜಿಯರು ಒಬ್ಬೊಬ್ಬರಾಗಿ ಬಂದರು. ಮೆಂಗ್ ಹೊಸ್ತಿಲಲ್ಲೇ ನಿಂತು, ಜೇಬಿನಿಂದ ಕಾಗದ ತೆಗೆದು, ಬಂದವರ ಹೆಸರು ಬರೆದುಕೊಂಡ. ಯಾರೂ ಅಳಲಿಲ್ಲ. ಅವನ ಮುಂದೆ ಅಳುವುದಕ್ಕೂ ಹೆದರಿಕೆ. ಶಾವಿಗೆ ತಣ್ಣಗಾಗುತ್ತಿತ್ತು. ಹುಟ್ಟುಹಬ್ಬಕ್ಕೆಂದು ಬಣ್ಣ ಹಚ್ಚಿದ ಕೆಂಪು ಬಾತುಮೊಟ್ಟೆಗಳು ತಟ್ಟೆಯಲ್ಲಿ ಹಾಗೇ ಇದ್ದವು. ಮೇಜಿನ ಕೊನೆಯಲ್ಲಿ ಎಂದಿನಂತೆ ಒಂದು ಬಟ್ಟಲು ಹೆಚ್ಚಿಗೆ ಇತ್ತು, ಊಟದ ಕಡ್ಡಿಗಳು ಅದರ ಪಕ್ಕದಲ್ಲಿ ಮಲಗಿದ್ದವು.

"ಅದ್ಯಾರಿಗೆ?" ಮೆಂಗ್ ಕೇಳಿದ.

"ತಡವಾಗಿ ಬರೋರಿಗೆ," ಎಂದಳು ಅಮ್ಮ, ಪ್ರತಿ ವರ್ಷ ಕೇಳಿದವರಿಗೆ ಹೇಳುತ್ತಿದ್ದಂತೆ.

"ಮೂವತ್ತು ವರ್ಷ ತಡ ಆಯ್ತಲ್ಲಮ್ಮ," ಎಂದು ಆ-ಖಿಮ್ ಎದ್ದಳು.

ಬಟ್ಟಲಿಗೆ ಅನ್ನ ತುಂಬಿ, ಗೋಪುರದ ಹಾಗೆ ಒತ್ತಿದಳು. ಕೆಂಪು ಮೊಟ್ಟೆಯೊಂದನ್ನು ಮೇಜಿಗೆ ಕುಟ್ಟಿ ಸಿಪ್ಪೆ ಸುಲಿದಳು. ಬೆರಳಿಗೆ ಬಣ್ಣ ಮೆತ್ತಿಕೊಂಡಿತು, ಒಳಗಿನ ಮೊಟ್ಟೆ ಬೆಳ್ಳಗಿತ್ತು. ಅದನ್ನು ಅನ್ನದ ಮೇಲಿಟ್ಟು, ಕಡ್ಡಿಗಳೆರಡನ್ನೂ ಎತ್ತಿ ಅನ್ನದಲ್ಲಿ ನೆಟ್ಟಗೆ ಚುಚ್ಚಿದಳು.

ಅಜ್ಜಿಯರು ಉಸಿರು ಹಿಡಿದರು. ಊಟದ ಮೇಜಿನಲ್ಲಿ ಮಕ್ಕಳು ಆಟಕ್ಕೆ ಹಾಗೆ ಕಡ್ಡಿ ನೆಟ್ಟರೂ ಕೈಮೇಲೆ ಏಟು ಬೀಳುತ್ತದೆ. ಅದು ಹೆಣದ ಕಾಲಬಳಿ ಇಡುವ ಅನ್ನ. ಈ ಮನೆಯಲ್ಲಿ ಅದನ್ನಿಡಲು ಇವತ್ತಿನವರೆಗೆ ಹೆಣವಿರಲಿಲ್ಲ, ಧೈರ್ಯವೂ ಇರಲಿಲ್ಲ.

"ಟೀಚರ್," ಮೆಂಗ್‌ನ ದನಿ ಇಳಿದಿತ್ತು, "ಹುಟ್ಟುಹಬ್ಬದ ಮೇಜಿನ ಮೇಲೆ ಇದೇನು ಅಪಶಕುನ?"

"ನಮ್ಮಪ್ಪನ ಊಟ." ಅವಳು ಅವನ ಕಾಗದದ ಕಡೆ ಬೆರಳು ತೋರಿಸಿದಳು. "ಹೆಸರು ಬರ್ಕೋತಾ ಇದ್ದೀರಲ್ಲ, ಇದನ್ನೂ ಬರ್ಕೊಳ್ಳಿ. ಕ್ವೆ ಸುನ್-ಥಿಯೆನ್. ಸೂಲಗಿತ್ತೀನ ಕರಿಯೋಕೆ ಹೋಗಿದ್ರು. ತಾರೀಖು ನಿಮಗೇ ಗೊತ್ತಿದೆ."

ಆ ಹೆಸರನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಅಮ್ಮ ಬಾಯಿಗೆ ತೋಳು ಅಡ್ಡ ಹಿಡಿದು ಅಳತೊಡಗಿದಳು. ಮೆಂಗ್ ಬರೆಯಲಿಲ್ಲ.

ಸಿಯಾಂಗ್ ಅಜ್ಜಿ ತಟ್ಟೆಗೆ ಕೈ ಚಾಚಿದಳು. ಒಂದು ಕೆಂಪು ಮೊಟ್ಟೆ ಎತ್ತಿಕೊಂಡಳು, ಸ್ವಲ್ಪ ಯೋಚಿಸಿ ಇನ್ನೊಂದನ್ನೂ ಎತ್ತಿಕೊಂಡಳು.

"ಆ-ಖಿಮ್, ಅನ್ನದ ಪಾತ್ರೆ ಈ ಕಡೆ ತಳ್ಳವ್ವ," ಎಂದು, ಉಗುರಿನಿಂದ ಸಿಪ್ಪೆ ಕೀಳುತ್ತ ಹೊಸ್ತಿಲ ಕಡೆ ತಿರುಗಿದಳು. "ನೀನು ನಿಧಾನಕ್ಕೆ ಬರ್ಕೊಳಪ್ಪ. ನಮ್ಮನೇಲಿ ಎರಡು ಹೆಸರಿದೆ."