ಡಾಕ್ಟರು ಹೇಳಿದ್ದರು

“ಹೇಳಿದ್ರೋ ಇಲ್ವೋ? ಅಷ್ಟು ಹೇಳಪ್ಪ, ಸಾಕು.”

ನಲ್ಲಪ್ಪ ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಬಿಟ್ಟರೆ ಆ ಕೈಗಳು ಯಾರ ಕೊರಳಪಟ್ಟಿಗೆ ಹೋಗುತ್ತವೋ ಅವನಿಗೇ ಗೊತ್ತಿರಲಿಲ್ಲ. ಎದುರಿಗೆ ಡಾಕ್ಟರ ವಕೀಲ ಜಯಸಿಂಹ, ಮದುವೆ ಮನೆಯಲ್ಲಿ ‘ಊಟ ಆಯ್ತಾ’ ಎಂದು ವಿಚಾರಿಸುವವನ ಹಾಗೆ ಮೆತ್ತಗೆ ನಗುತ್ತ ನಿಂತಿದ್ದ. ಅವನ ಹಿಂದಿನ ಬೆಂಚಿನಲ್ಲಿ ಡಾಕ್ಟರು ಕನ್ನಡಕ ಒರೆಸುತ್ತ ಕೂತಿದ್ದರು.

“ಇಲ್ಲ ಸ್ವಾಮಿ. ಯಾರೂ ಏನೂ ಯೋಳಿಲ್ಲ.”

“ಆಪರೇಷನ್ ಆದ್ಮೇಲೂ ಮೂರು ತಿಂಗಳು ಹುಷಾರಾಗಿರ್ಬೇಕು, ಅಲ್ಲೀತನಕ ಹೆಂಡ್ತಿ ಬಸುರಾಗಬಹುದು, ಅಂತ ಹೇಳಿ ಎಲ್ಲರಿಗೂ ನಿರೋಧ್ ಪ್ಯಾಕೆಟ್ ಕೊಟ್ಟಿದ್ದಾರೆ. ನಿನಗೂ ಕೊಟ್ಟಿದ್ದಾರೆ.”

“ನಂಗೆ ಕೊಟ್ಟಿದ್ದು ಒಂದು ಪ್ಲಾಸ್ಟಿಕ್ ಬಕೀಟು. ಇನ್ನೇನೂ ಕೊಟ್ಟಿಲ್ಲ.”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಜಡ್ಜ್ ಸಾಹೇಬರು ಅವನ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಟೈಪಿಸ್ಟಿಗೆ ಹೇಳಿದರು. ತಾನು ಆಡಿದ ಮಾತು ತನಗೇ ತಿಳಿಯದ ಭಾಷೆಯಾಗಿ ಕಾಗದದ ಮೇಲೆ ಟಕಟಕ ಇಳಿಯುವುದನ್ನು ನಲ್ಲಪ್ಪ ನೋಡುತ್ತ ನಿಂತ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ಅವನು. ಫ್ಯಾಕ್ಟರಿಯಲ್ಲಿ ಲೇತ್ ಮೆಷಿನ್ನಿನ ಸದ್ದು ಕೇಳಿಯೇ ಒಳಗೆ ಏನು ಕೆಟ್ಟಿದೆ ಅಂತ ಹೇಳುತ್ತಿದ್ದ. ಈ ಟಕಟಕ ಮಾತ್ರ ಅವನಿಗೆ ಏನನ್ನೂ ಹೇಳಲಿಲ್ಲ.

ಅಷ್ಟರಲ್ಲಿ ಊಟದ ಹೊತ್ತಾಯಿತು, ಕೋರ್ಟು ಎದ್ದಿತು.

ಆಪರೇಷನ್ ಆದದ್ದು ಎಮರ್ಜೆನ್ಸಿ ಕಾಲದಲ್ಲಿ. ಪೀಣ್ಯದ ಅವನ ಫ್ಯಾಕ್ಟರಿಯಲ್ಲಿ ಸಂತಾನಹರಣದ ಕ್ಯಾಂಪು ಹಾಕಿದ್ದರು. ಎರಡು ಮಕ್ಕಳಿದ್ದವರು ಆಪರೇಷನ್ ಮಾಡಿಸಿಕೊಳ್ಳದಿದ್ದರೆ ಕೆಲಸ ಕಾಯಂ ಆಗುವುದಿಲ್ಲ ಎಂದು ಸೂಪರ್‌ವೈಸರ್ ಕಿವಿಯಲ್ಲಿ ಹೇಳಿಹೋಗಿದ್ದ. ನಲ್ಲಪ್ಪನಿಗೆ ಎರಡು ಹೆಣ್ಣು. ಕ್ಯಾಂಟೀನಿನ ಮೇಜುಗಳನ್ನು ಜೋಡಿಸಿ ರಬ್ಬರ್ ಶೀಟು ಹಾಸಿದ್ದರು. ಗೋಡೆಗೆ ಇನ್ನೂ ಸಾಂಬಾರಿನ ವಾಸನೆಯಿತ್ತು. ಒಬ್ಬ ಇಳಿಯುವ ಮೊದಲೇ ಇನ್ನೊಬ್ಬನನ್ನು ಹತ್ತಿಸುತ್ತಿದ್ದರು. ಡಾಕ್ಟರು ಅವನ ಮುಖ ನೋಡಿದ್ದೇ ನೆನಪಿಲ್ಲ. ಅವನು ಅವರನ್ನು ಸರಿಯಾಗಿ ನೋಡಿದ್ದು ಆಮೇಲೆ, ಶಾಮಿಯಾನದ ಕೆಳಗೆ. ಡಾಕ್ಟರೇ ಮೈಕು ಹಿಡಿದು ಒಬ್ಬೊಬ್ಬರ ಹೆಸರು ಕೂಗಿದರು. ಕುಂಟುತ್ತ ಹೋಗಿ ಬಕೆಟ್ಟು ಇಸಕೊಳ್ಳಬೇಕು, ಫ್ಯಾಕ್ಟರಿಗೆ ಫ್ಯಾಕ್ಟರಿಯೇ ಚಪ್ಪಾಳೆ ಹೊಡೆಯಬೇಕು. ಗಂಡ ಹೆಂಡಿರ ನಡುವೆ ಉಳಿಯಬೇಕಾದ ಮಾತನ್ನು ಧ್ವನಿವರ್ಧಕ ತುಮಕೂರು ರಸ್ತೆಯವರೆಗೂ ಸಾರಿತು.

ಅದಾಗಿ ಸ್ವಲ್ಪ ಕಾಲಕ್ಕೇ ಅವನ ಹೆಂಡತಿ ಕೃಷ್ಣಮ್ಮನಿಗೆ ನೀರು ನಿಂತಿತು. ವಠಾರದ ತುಂಬ ಫ್ಯಾಕ್ಟರಿಯವರೇ ಇದ್ದುದರಿಂದ ಸುದ್ದಿ ಅವನಿಗಿಂತ ಮೊದಲು ಗೇಟು ದಾಟಿತ್ತು. ಪಕ್ಕದ ಲೇತಿನ ಶ್ಯಾಮಣ್ಣ ಎಲ್ಲರೆದುರು ಕೇಳಿದ: “ಬಾವಿ ಮುಚ್ಚಿದ್ಮೇಲೂ ನೀರು ಬಂತಲ್ಲ ಗುರು! ಯಾವೂರ ಮಳೆನೋ?” ನಲ್ಲಪ್ಪ ಹೊಡೆದ ಏಟಿಗೆ ಶ್ಯಾಮಣ್ಣನ ತುಟಿ ಸೀಳಿತು. ಆದರೆ ಹೊಡೆದು ಬಂದವನ ಬಾಯಲ್ಲೂ ಅದೇ ಮಾತು ಕೂತಿತ್ತು. ಕೃಷ್ಣಮ್ಮ ಹೊಸಿಲ ಬಳಿ ರಾಗಿ ಕೇರುತ್ತಿದ್ದಳು.

“ಇದು ಯಾರ್ದು?” ಅಂದ.

ಅವಳು ಮೊರವನ್ನು ಗೋಡೆಗೆ ಒರಗಿಸಿ ಇಟ್ಟಳು. ದೊಡ್ಡವಳ ಕೈ ಹಿಡಿದು, ಚಿಕ್ಕವಳನ್ನು ಸೊಂಟಕ್ಕೇರಿಸಿಕೊಂಡು ಕಾಡುಗೋಡಿಯ ತವರಿಗೆ ಹೊರಟುಹೋದಳು. ಗಂಡುಮಗು ಅಲ್ಲೇ ಹುಟ್ಟಿತು.

ಮೊದಲಿಗೆ ನಲ್ಲಪ್ಪ ಡಾಕ್ಟರಿಗೆ ನೋಟೀಸು ಕೊಡಿಸಿದ್ದು ಬರೀ ರೊಚ್ಚಿಗೆ. ಯೂನಿಯನ್ನಿನ ವಕೀಲ ಸುಬ್ರಹ್ಮಣ್ಯ ಕಳಿಸಿಕೊಟ್ಟಿದ್ದ. ಡಾಕ್ಟರ ಕಡೆಯಿಂದ ಬಂದ ಉತ್ತರದಲ್ಲೇ ಮೊದಲ ಸಲ ಆ ಮೂರು ತಿಂಗಳ ವಿಷಯ ಕಿವಿಗೆ ಬಿತ್ತು. ಆಪರೇಷನ್ ಆದ ಕೂಡಲೇ ಎಲ್ಲ ಮುಗಿಯುವುದಿಲ್ಲವಂತೆ, ಒಳಗೆ ಉಳಿದದ್ದು ಹೋಗುವುದಕ್ಕೆ ಅಷ್ಟು ಕಾಲ ಬೇಕಂತೆ. ಸುಬ್ರಹ್ಮಣ್ಯ ಬಿಡಿಸಿ ಹೇಳಿದಾಗ ನಲ್ಲಪ್ಪ ಅಲ್ಲೇ ನೆಲದ ಮೇಲೆ ಕೂತುಬಿಟ್ಟಿದ್ದ. ಮಾರನೆಯ ದಿನವೇ ಕಾಡುಗೋಡಿಗೆ ಓಡಿದ. ಬಾಗಿಲಲ್ಲಿ ಕೃಷ್ಣಮ್ಮನ ತಮ್ಮ ದೊಡ್ಡಮುನಿಯಪ್ಪ ಅಡ್ಡ ನಿಂತ.

“ನೀನು ಯೋಳಿದ್ರೆ ಯಾರು ನಂಬ್ತಾರೆ ಭಾವ? ಮೈಕಿನಾಗೆ ಕೂಗ್ದೋನು ಅವ್ನು. ಎಲ್ರ ಮುಂದೆ ಅವ್ನ ಬಾಯಲ್ಲೇ ಯೋಳ್ಸು, ಮಗ ನಲ್ಲಪ್ಪಂದು ಅಂತ. ಆಮ್ಯಾಕೆ ಅಕ್ಕನ್ನ ಮಾತಾಡ್ಸು.”

ಅದಕ್ಕೇ ಈ ಕೇಸು. ಪರಿಹಾರದ ದುಡ್ಡು ಸುಬ್ರಹ್ಮಣ್ಯ ಬರೆಸಿದ್ದು. ನಲ್ಲಪ್ಪನಿಗೆ ಬೇಕಾಗಿದ್ದುದು ಡಾಕ್ಟರ ಬಾಯಿಂದ ಬರಬೇಕಾದ ಆ ಒಂದು ಮಾತು.

ಕೋರ್ಟಿನ ಹಿಂದೆ ಮರದ ಕೆಳಗಿನ ಟೀ ಗಾಡಿಯ ಹತ್ತಿರ ಜಯಸಿಂಹ ತಾನಾಗೇ ಬಂದ. ಸುಬ್ರಹ್ಮಣ್ಯನಿಗೂ ಸೇರಿಸಿ ಟೀ ಹೇಳಿದ. ಲೋಟ ಊದುತ್ತ ನಲ್ಲಪ್ಪನಿಗೆ ಹೇಳಿದ:

“ನಿಮ್ಮ ವಕೀಲರ ಮುಂದೇನೇ ಹೇಳ್ತಿದೀನಿ, ಕದ್ದುಮುಚ್ಚಿ ಏನಿಲ್ಲ. ನೀನು ‘ಹೇಳಿಲ್ಲ’ ಅಂತ ನಿಂತ್ರೆ ತಪ್ಪು ನಮ್ಮ ಡಾಕ್ಟ್ರ ತಲೆಗೆ ಬರತ್ತೆ. ನಾನು ಅವರನ್ನ ಉಳಿಸ್ಬೇಕು, ನನ್ನ ಕೆಲಸ ಅದು. ಆಗ ನನ್ನ ವಾದ ಒಂದೇ. ಆಪರೇಷನ್ ಸರಿಯಾಗೇ ಆಗಿದೆ, ಮಗು ಬೇರೆ ಯಾರದೋ. ನಿನ್ನ ಹೆಂಡ್ತೀನ ಕಟಕಟೆ ಹತ್ತಿಸ್ತೀನಿ. ನೀನು ಸೆಕೆಂಡ್ ಶಿಫ್ಟಿಗೆ ಹೋದಾಗ ಮನೆಗೆ ಯಾರು ಬರ್ತಿದ್ರು, ಹಾಲಿನವನ ಹತ್ರ ಎಷ್ಟು ಹೊತ್ತು ನಿಂತು ಮಾತಾಡ್ತಿದ್ಲು, ಎಲ್ಲಾ ಕೇಳ್ತೀನಿ.”

“ನಾಲ್ಗೆ...” ಎಂದು ನಲ್ಲಪ್ಪ ಮುಂದೆ ಬಂದ. ಸುಬ್ರಹ್ಮಣ್ಯ ಅವನ ಅಂಗಿ ಹಿಡಿದು ಎಳೆದ.

“ಕೋಪ ಮಾಡ್ಕೊ, ಪರವಾಗಿಲ್ಲ. ಇನ್ನೊಂದು ದಾರಿನೂ ಇದೆ. ‘ಹೇಳಿದ್ರು, ಪ್ಯಾಕೆಟ್ಟೂ ಕೊಟ್ರು, ನಾನೇ ಕಿವಿಗೆ ಹಾಕ್ಕೊಳ್ಲಿಲ್ಲ, ಬೆಳಿಗ್ಗೆ ನಾಚಿಕೆಗೆ ಇಲ್ಲ ಅಂದೆ’ ಅನ್ನು. ಕೇಸು ಅಲ್ಲಿಗೆ ಮುಗೀತು. ಆಮೇಲೆ ನಮ್ಮ ಡಾಕ್ಟ್ರು ಪ್ರಮಾಣ ಮಾಡಿ ಹೇಳ್ತಾರೆ, ಮಗು ಇವನದೇ ಅಂತ. ಹೇಳಿದ್ರೆ ಅವರಿಗೂ ಒಳ್ಳೇದೇ, ಆಪರೇಷನ್ ಕೆಟ್ಟಿಲ್ಲ ಅಂತಾಗತ್ತೆ.”

“ಅವ್ರಿಗೆ ಗೊತ್ತಲ್ಲ ಸ್ವಾಮಿ, ತಾವು ಯೋಳಿಲ್ಲ ಅಂತ?”

ಜಯಸಿಂಹ ಲೋಟದ ತಳ ನೋಡಿದ. “ಗೊತ್ತಿರೋದೆಲ್ಲ ಕೋರ್ಟಿಗೆ ಬರಲ್ಲಪ್ಪ” ಎಂದು ಲೋಟ ಇಟ್ಟು ಹೋದ.

“ಗಟ್ಟಿಯಾಗಿ ನಿಂತ್ಕೊ ನಲ್ಲಪ್ಪ. ನಾವೇ ಗೆಲ್ತೀವಿ. ಇವನು ಹೆದರಿಸ್ತಿದಾನೆ” ಅಂದ ಸುಬ್ರಹ್ಮಣ್ಯ.

“ಕೃಷ್ಣಮ್ಮನ್ನ ಅಂಗೆಲ್ಲ ಕೇಳ್ತಾರಾ?”

ಸುಬ್ರಹ್ಮಣ್ಯನಿಗೂ ವಯಸ್ಸು ಹೆಚ್ಚಿರಲಿಲ್ಲ. ಸುಳ್ಳು ಹೇಳಲು ಬಾರದೆ ತಲೆ ಕೆರೆದುಕೊಂಡ. “ಕೇಳ್ತಾರೆ. ಜಡ್ಜ್ ತಡೆದ್ರೆ ತಡೀಬಹುದು.”

ವರಾಂಡದ ಆ ತುದಿಯಲ್ಲಿ ಕೃಷ್ಣಮ್ಮ ತಮ್ಮನ ಪಕ್ಕ ಕೂತಿದ್ದಳು. ಸೆರಗು ತಲೆಯ ಮೇಲಿತ್ತು. ಬುತ್ತಿ ಬಿಚ್ಚಿ ಮಗನಿಗೆ ಉಣಿಸುತ್ತಿದ್ದಳು. ಅವನು ಒಂದು ತುತ್ತು ಉಂಡು, ಕಂಬ ಸುತ್ತಿ ಬಂದು, ಮತ್ತೆ ಬಾಯಿ ತೆರೆಯುತ್ತಿದ್ದ. ಈಚೆ ಬೆಂಚುಗಳ ಮೇಲೆ ಫ್ಯಾಕ್ಟರಿಯ ಜನ. ರಜೆ ಹಾಕಿ ಬಂದಿದ್ದರು, ಜಾತ್ರೆಗೆ ಬಂದವರ ಹಾಗೆ ಕಡಲೆಕಾಯಿ ಸುಲಿಯುತ್ತಿದ್ದರು. ನಡುವೆ ಶ್ಯಾಮಣ್ಣ. ಅವಳು ಕಟಕಟೆ ಹತ್ತುವುದನ್ನು, ಹಾಲಿನವನ ಹೆಸರು ಬರುವುದನ್ನು, ಅದನ್ನು ಇವರು ಪೀಣ್ಯಕ್ಕೆ ಹೊತ್ತುಕೊಂಡು ಹೋಗುವುದನ್ನು ನಲ್ಲಪ್ಪ ನಿಂತಲ್ಲೇ ಕಂಡ. ಮುಂದಿದ್ದ ಟೀ ಆರಿ ಕೆನೆಗಟ್ಟಿತು.

ಮಧ್ಯಾಹ್ನ ಮತ್ತೆ ಅದೇ ಪ್ರಶ್ನೆ.

“ಯೋಳಿದ್ರು ಸ್ವಾಮಿ.”

ಸುಬ್ರಹ್ಮಣ್ಯ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟ. ಬೆಂಚಿನಲ್ಲಿ ಡಾಕ್ಟರು ಮೊದಲ ಸಲ ತಲೆಯೆತ್ತಿ ಅವನ ಮುಖ ನೋಡಿದರು.

“ಜೋರಾಗಿ” ಅಂದ ಜಯಸಿಂಹ.

“ಯೋಳಿದ್ರು. ಮೂರು ತಿಂಗ್ಳು ಅಂದ್ರು. ಪ್ಯಾಕೀಟೂ ಕೊಟ್ರು. ನಾನೇ ಕ್ಯಾರೆ ಅನ್ನಲಿಲ್ಲ. ಬೆಳಿಗ್ಗೆ ನಾಚ್ಕೆ ಆಗಿ ಇಲ್ಲ ಅಂದ್ಬುಟ್ಟೆ.”

ಜಯಸಿಂಹ ಕೂತುಕೊಳ್ಳುವವನಿದ್ದ. ಜಡ್ಜ್ ಸಾಹೇಬರಿಗೆ ಮಾತ್ರ ಏನೋ ಸಮಾಧಾನವಾಗಲಿಲ್ಲ. ಕನ್ನಡಕದ ಮೇಲಿಂದ ನೋಡಿ ಕೇಳಿದರು: “ಮತ್ತೆ ಆ ಪ್ಯಾಕೆಟ್ ಏನು ಮಾಡಿದೆ?”

ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನಲ್ಲಪ್ಪ ಜಯಸಿಂಹನ ಮುಖ ನೋಡಿದ. ಅವನು ಫೈಲಿನಲ್ಲಿ ಮುಖ ಹುದುಗಿಸಿದ್ದ. ಬಾಗಿಲ ಬಳಿ ಕೃಷ್ಣಮ್ಮ ಮಗನನ್ನು ಎತ್ತಿಕೊಂಡು ನಿಂತಿದ್ದಳು.

“ಬೀದಿ ಮಕ್ಳಿಗೆ ಕೊಟ್ಟೆ ಸ್ವಾಮಿ. ಬಲೂನು ಅಂತ ಊದ್ಕೊಂಡ್ರು.”

ಕೋರ್ಟು ಭೋರೆಂದಿತು. ಶ್ಯಾಮಣ್ಣ ಪಕ್ಕದವನ ತೊಡೆಗೆ ಬಾರಿಸಿ ನಕ್ಕ. ಟೈಪಿಸ್ಟು ಕೈ ನಿಲ್ಲಿಸಿ ಮುಖ ಮುಚ್ಚಿಕೊಂಡ. ಜಡ್ಜ್ ಸಾಹೇಬರು ‘ಸೈಲೆನ್ಸ್’ ಅಂದರು, ಆದರೆ ಅವರ ತುಟಿಯೂ ಒಂದು ಕಡೆ ಎಳೆದಿತ್ತು. ಆಮೇಲೆ ಇಂಗ್ಲಿಷಿನಲ್ಲಿ ಬರೆಸಿದರು. ಆ ಉದ್ದದ ವಾಕ್ಯದಲ್ಲಿ ನಲ್ಲಪ್ಪನಿಗೆ ತಿಳಿದದ್ದು ಒಂದೇ ಪದ: ಬಲೂನ್ಸ್.

ಡಾಕ್ಟರು ಕಟಕಟೆ ಹತ್ತಿದರು. ಪ್ರಮಾಣ ಮಾಡಿ, ಗಂಟಲು ಸರಿಮಾಡಿಕೊಂಡು, ಇಂಗ್ಲಿಷಿನಲ್ಲಿ ನಿಧಾನವಾಗಿ ಏನೇನೋ ಹೇಳಿದರು. ಟಕಟಕ ಟೈಪಾಯಿತು. ಜಯಸಿಂಹ ತಲೆಯಾಡಿಸಿದ. ಡಾಕ್ಟರು ಇಳಿಯಲು ಒಂದು ಕಾಲು ಕೆಳಗಿಟ್ಟರು.

“ಕನ್ನಡದಾಗೆ ಯೋಳಿ ಸ್ವಾಮಿ!”

ನಲ್ಲಪ್ಪ ಎದ್ದು ನಿಂತಿದ್ದ. ಡವಾಲಿ ಜವಾನ ಅವನ ಹೆಗಲು ಅದುಮಿದ. ಅವನು ಕೊಡವಿಕೊಂಡ.

“ಮೈಕಿನಾಗೆ ಕನ್ನಡದಲ್ಲೇ ಕೂಗಿದ್ರಲ್ಲ! ಇವತ್ತು ಯಾಕೆ ಇಂಗ್ಲೀಷು? ಅದೊಂದ್ ಮಾತು ಕನ್ನಡದಾಗೆ ಯೋಳಿ!”

“ಏಯ್, ಒಳಗೆ ಹಾಕಿಸ್ಬೇಕಾಗತ್ತೆ” ಅಂದರು ಜಡ್ಜ್ ಸಾಹೇಬರು. ಅಂದರೂ ಡಾಕ್ಟರ ಕಡೆ ನೋಡಿದರು. ಜಯಸಿಂಹ ಕಣ್ಣಲ್ಲೇ ಹೇಳಿಬಿಡಿ ಎಂದ. ಡಾಕ್ಟರು ಕಟಕಟೆಯ ಮೆಟ್ಟಿಲ ಮೇಲೆ ಅರ್ಧ ನಿಂತು, ಯಾರನ್ನೂ ನೋಡದೆ, ಕಿಟಕಿಯ ಕಡೆ ಮುಖ ಮಾಡಿ ಹೇಳಿದರು.

“ಮಗು ಇವರದೇ. ಅನುಮಾನ ಇಲ್ಲ.”

ಬೆಂಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲೋ ಒಂದು ಕಡಲೆಕಾಯಿ ಸಿಪ್ಪೆ ಚಟ್ಟೆಂದಿತು.

ಹೊರಗೆ ಬಿಸಿಲು ಇಳಿಯುತ್ತಿತ್ತು. ಸುಬ್ರಹ್ಮಣ್ಯ ಸೈಕಲ್ ಹತ್ತಿ ಹೋದ. ಕಾಡುಗೋಡಿ ಬಸ್ಸು ನಿಲ್ಲುವ ಕಡೆ ನಲ್ಲಪ್ಪ ಕೃಷ್ಣಮ್ಮನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಡೆದ. ಅವಳು ನಿಂತಳು.

“ಯಾವ ಮಕ್ಳಿಗೆ?” ಎಂದಳು.

ಮನೆಯಲ್ಲಿ ಅಂಥ ಪ್ಯಾಕೆಟ್ಟು ಯಾವತ್ತೂ ಇರಲಿಲ್ಲವೆಂದು ಅವನಷ್ಟೇ ಅವಳಿಗೂ ಗೊತ್ತಿತ್ತು.

“ಅಷ್ಟು ಜನದ ಮುಂದೆ, ಅಷ್ಟು ದೊಡ್ಡ ಸುಳ್ಳು ಬಂತಲ್ಲ ಬಾಯಿಗೆ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. “ಅವತ್ತು ಮನೇನಾಗೆ ಇದ್ದಿದ್ದು ನಾನೊಬ್ಳೇ. ನಂಬ್ತೀನಿ ಅಂತ ಚಿಕ್ಕದೊಂದು ಸುಳ್ಳು ಬರ್ಲಿಲ್ಲ.”

ಬಸ್ಸು ಬಂತು. ದೊಡ್ಡಮುನಿಯಪ್ಪ ಅವನ ತೋಳು ಮುಟ್ಟಿ, “ಆಗ್ಲಿ ಭಾವ, ನೀ ಮಾಡೋದು ಮಾಡ್ದೆ. ಅಕ್ಕನ ಮನ್ಸು ಅಕ್ಕಂದು” ಎಂದು ಹತ್ತಿದ. ಕೃಷ್ಣಮ್ಮ ಕಿಟಕಿಯ ಪಕ್ಕ ಕೂತಳು. ಮಗ ಸರಳು ಹಿಡಿದು ಈಚೆ ನೋಡಿದ. ಮೊದಲು ಕಡಲೆಕಾಯಿ ಗಾಡಿ ನೋಡಿದ, ಅದರ ಪಕ್ಕ ನಿಂತಿದ್ದ ನಲ್ಲಪ್ಪನನ್ನು ನೋಡಿದ, ಆಮೇಲೆ ಒಂದು ನಾಯಿ ಅಡ್ಡ ಹೋಯಿತು, ಅದನ್ನು ನೋಡಿದ.

ನಲ್ಲಪ್ಪ ಬೇರೆ ಬಸ್ಸು ಹಿಡಿದು ಪೀಣ್ಯದಲ್ಲಿ ಇಳಿದಾಗ ಜನರಲ್ ಶಿಫ್ಟಿನ ಸೈರನ್ ಆಗಷ್ಟೇ ಕೂಗಿತ್ತು. ವಠಾರಕ್ಕೆ ಹೋಗಬೇಕಾದರೆ ಗೇಟಿನ ಮುಂದೆಯೇ ಹೋಗಬೇಕು. ಖಾಲಿ ಊಟದ ಡಬ್ಬಿ ಅಲ್ಲಾಡಿಸುತ್ತ, ಸೈಕಲ್ ತಳ್ಳುತ್ತ ನೂರಾರು ಜನ ರಸ್ತೆ ತುಂಬ ಎದುರು ಬರುತ್ತಿದ್ದರು. ಮೊದಲೇ ಬಂದು ಬೀಡಾ ಅಂಗಡಿಯ ಹತ್ತಿರ ಕಥೆ ಮುಗಿಸಿದ್ದ ಶ್ಯಾಮಣ್ಣ ಅವನನ್ನು ಕಂಡು ಕೂಗಿದ:

“ಲೋ ಬಲೂನ್!”

ಸುತ್ತಲಿದ್ದವರು ನಕ್ಕರು. ಕೂಗಿದ ಮೇಲೆ ಶ್ಯಾಮಣ್ಣನಿಗೇ ಭಯವಾಗಿ, ತುಟಿಯ ಮೇಲೆ ಕೈ ಇಟ್ಟುಕೊಂಡು ಒಂದು ಹೆಜ್ಜೆ ಹಿಂದೆ ಸರಿದ. ನಲ್ಲಪ್ಪ ನಿಂತ. ತಿರುಗಿದ.

“ಏನ್ ಗುರು?” ಅಂದ.

“ಏನಿಲ್ಲ... ಸುಮ್ನೆ” ಅಂದ ಶ್ಯಾಮಣ್ಣ.

“ಸರಿ” ಎಂದು ನಲ್ಲಪ್ಪ ಮತ್ತೆ ನಡೆದ. ಎದುರಿಗೆ ಬರುತ್ತಿದ್ದ ಗುಂಪು ಅವನ ಹತ್ತಿರ ಬಂದಾಗ ಎರಡಾಗಿ ಸೀಳಿಕೊಂಡು, ಅವನ ಬೆನ್ನ ಹಿಂದೆ ಮತ್ತೆ ಒಂದಾಗಿ, ಬಸ್ಸಿನ ಕಡೆಗೆ ಹರಿದುಹೋಯಿತು.