ಮೇಸ್ತ್ರಿ ಬಿಟ್ಟುಹೋದ ಏಣಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಮನೆ ರಿಪೇರಿ ಮಾಡಿಸಿ ನೋಡು ಎಂದು ಮಾತ್ರ ಯಾಕೋ ಹೇಳಲಿಲ್ಲ. ಅವರ ಕಾಲದ ಮೇಸ್ತ್ರಿಗಳು ಕರೆದರೆ ಬರುತ್ತಿದ್ದರೇನೋ.

ನಮ್ಮ ಬೀದಿಯ ಬೀಗದಕ್ಕನ ಕಥೆ ಕೇಳಿ. ಬೀದಿಯ ಮೂಲೆಯಲ್ಲಿ ಅವಳ ಪುಟ್ಟ ಅಂಗಡಿ. ಕೆಟ್ಟ ಬೀಗ ಸರಿಮಾಡುವುದು, ಕಳೆದ ಕೀಲಿಗೆ ಬದಲಿ ಕೀಲಿ ಮಾಡಿಕೊಡುವುದು ಅವಳ ಕಸುಬು. ಅಂಗಡಿಯ ಹಿಂದೆಯೇ ಮನೆ, ಇರುವವಳು ಒಬ್ಬಳೇ. ಊರಿಗೆಲ್ಲ ಬೀಗ ಹಾಕಿಕೊಡುವ ಅವಳ ಬಚ್ಚಲಿಗೆ ಬಾಗಿಲೇ ಇರಲಿಲ್ಲ.

ಬಚ್ಚಲು ಒಡೆಸಿದ್ದು ತಂಗಿಗಾಗಿ. ತಂಗಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು, ಆಪರೇಷನ್ ಆಗಿ, ದೂರದ ಆರೈಕೆ ಕೇಂದ್ರವೊಂದರಲ್ಲಿದ್ದಳು. ವಾಕರ್ ಹಿಡಿದು ನಡೆಯುವವಳಿಗೆ ಬಚ್ಚಲಿನ ಎತ್ತರದ ಮೆಟ್ಟಿಲು ಹತ್ತಲು ಆಗದು. "ಮೆಟ್ಟಿಲು ತೆಗೆಸಿ ನೆಲ ಸಮ ಮಾಡಿಸ್ತೀನಿ. ಆಮೇಲೆ ಬಂದು ನನ್ನ ಜೊತೆಗೇ ಇದ್ದುಬಿಡು" ಎಂದಿದ್ದಳು ಅಕ್ಕ.

ಮೇಸ್ತ್ರಿ ಬಂದ. ಬಾಯಿ ತೆರೆದರೆ ಬೆಲ್ಲ. ಮುಕ್ಕಾಲು ಪಾಲು ದುಡ್ಡು ಮೊದಲೇ ಇಸಿದುಕೊಂಡ. ಹಳೆಯದನ್ನೆಲ್ಲ ಒಡೆದ, ಅರ್ಧ ಟೈಲ್ಸ್ ಕೂರಿಸಿದ. ನೆಲಕ್ಕೆ ನೀರು ಹುಯ್ದರೆ ಅದು ಕೊಳವೆಯ ಕಡೆ ಹೋಗದೆ ನೆಟ್ಟಗೆ ನಡುಮನೆಗೆ ಬಂತು. ಇಳಿಜಾರೇ ಉಲ್ಟಾ ಆಗಿತ್ತು.

"ನಾಳೆ ಬಂದು ಸರಿ ಮಾಡ್ತೀನಕ್ಕ. ನೋಡಿ, ನನ್ನ ಏಣೀನೂ ಇಲ್ಲೇ ಬಿಟ್ಟಿದೀನಿ" ಎಂದು ಹೋದವನು ಹೋದೇ ಹೋದ. ಮೊದಮೊದಲು ಫೋನ್ ಮಾಡಿದರೆ "ದಾರೀಲಿದೀನಿ" ಎನ್ನುತ್ತಿದ್ದ. ಆಮೇಲೆ ಅದೂ ಇಲ್ಲ, ಬರೀ ರಿಂಗು.

ಬೀಗದಕ್ಕ ಏಣಿಯನ್ನು ನಂಬಿದಳು. ಹೊಟ್ಟೆಪಾಡಿನ ಏಣಿ ಬಿಟ್ಟು ಯಾರಾದರೂ ಓಡಿಹೋಗುತ್ತಾರೆಯೇ? ಅದಕ್ಕೆ ಮೆತ್ತಿದ್ದ ಸಿಮೆಂಟು ಕೆರೆದಳು, ಒರೆಸಿ ಗೋಡೆಗೆ ಒರಗಿಸಿದಳು. ಹೋಗುತ್ತಾ ಬರುತ್ತಾ "ಇವತ್ತಾದ್ರೂ ಬರ್ತಾನೇನಪ್ಪ" ಎಂದು ಅದನ್ನೇ ಕೇಳುವ ಹಾಗಾಯಿತು. ಅಡುಗೆಮನೆಯ ಮೂಲೆಯಲ್ಲಿ ಬಟ್ಟೆ ಅಡ್ಡ ಕಟ್ಟಿಕೊಂಡು ಸ್ನಾನ. ಯಾರನ್ನೂ ಒಳಗೆ ಕರೆಯುತ್ತಿರಲಿಲ್ಲ. ಬೀಗದ ಕೆಲಸದಲ್ಲಿ ಜಾಣೆ ಎನ್ನಿಸಿಕೊಂಡವಳು ತನ್ನ ಮನೆಯಲ್ಲೇ ಮೋಸಹೋದಳು ಎಂದರೆ ಜನ ಏನಂದಾರು? ಬಾಯಿ ಬಿಟ್ಟರೆ ಬಣ್ಣಗೇಡು.

ಸಂಜೆಯಾದರೆ ತಂಗಿಯ ಫೋನು. "ಅಕ್ಕಾ, ಬಚ್ಚಲು ಆಯ್ತಾ?"

"ಇನ್ನೇನು, ಆಗ್ತಾ ಬಂತು ಕಣೇ."

ದಿನವೂ ಇದೇ ಸುಳ್ಳು. ಒಂದು ಸಂಜೆ ತಂಗಿ ಊಟದ ಮಾತಾಡಿದಳು, ಮಾತ್ರೆಯ ಮಾತಾಡಿದಳು, ಫೋನ್ ಇಟ್ಟಳು. ಬಚ್ಚಲಿನ ಮಾತೇ ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಆ ಮನೆ ಎಷ್ಟು ಖಾಲಿ ಎಂದು ಬೀಗದಕ್ಕನಿಗೆ ಅವತ್ತು ಗೊತ್ತಾಯಿತು. ಕೂತು ಅತ್ತಳು. ಯಾಕೆ ಎಂದು ಕೇಳಲು ಯಾರೂ ಇರಲಿಲ್ಲ.

ಹೀಗಿರುವಾಗ ಹಿಂದಿನ ಬೀದಿಯ ವ್ಯಾನಕ್ಕ ಕೀಲಿ ಮಾಡಿಸಲು ಬಂದಳು. ಶಾಲೆಯ ವ್ಯಾನ್ ಓಡಿಸುವವಳು, ಕಣ್ಣು ಚುರುಕು. ಅಂಗಡಿಯ ಒಳಬಾಗಿಲು ತೆರೆದಿತ್ತು.

"ಕೆಂಪು ಬಣ್ಣದ ಏಣಿ! ಆ ಬೆಲ್ಲದ ಬಾಯಿ ಮೇಸ್ತ್ರಿದಲ್ವಾ?"

"ಹೌದು. ನಾಳೆ ನಾಡಿದ್ದರಲ್ಲಿ ಬರ್ತಾನೆ. ಏಣಿ ಇಲ್ಲೇ ಇದೆಯಲ್ಲ."

"ನಮ್ಮನೇಲಿ ಗಾರೆ ಕಲಸೋ ಬಾಂಡ್ಲಿ ಬಿಟ್ಟಿದ್ದ. ನಾನೂ ಹೀಗೇ ಕಾದೆ" ಎಂದಳು ವ್ಯಾನಕ್ಕ. "ಅದು ವಾಪಸ್ ಬರೋ ಗುರುತಲ್ಲಕ್ಕ. ಬಸ್ಸಲ್ಲಿ ಸೀಟಿಗೆ ಟವೆಲ್ ಹಾಕ್ತಾರಲ್ಲ, ಹಾಗೆ. ನೀವು ಬೇರೆಯವರನ್ನ ಕರೀಬಾರದು ಅಂತ, ಅಷ್ಟೇ."

"ನಿಮಗೂ ಹೀಗಾಗಿತ್ತಾ? ಮತ್ತೆ ಯಾರಿಗೂ ಹೇಳಲೇ ಇಲ್ಲ?"

"ನೀವು ಹೇಳಿದ್ರಾ?"

ಮಾತು ಮನೆ ಕೆಡಿಸಿತು ಎನ್ನುತ್ತೇವೆ. ಇಲ್ಲಿ ಮಾತಾಡದೆ ಇದ್ದದ್ದೇ ಎರಡು ಮನೆ ಕೆಡಿಸಿತ್ತು. ನನಗಂತೂ ಮೇಸ್ತ್ರಿಗಿಂತ ಈ ಮೌನದ ಮೇಲೇ ಹೆಚ್ಚು ಸಿಟ್ಟು.

"ಜೋರು ಮಾಡಿದ್ರೆ ಪೂರ್ತಿ ಕೈ ಬಿಟ್ಟುಬಿಟ್ರೆ?" ಬೀಗದಕ್ಕನ ಅನುಮಾನ.

"ಈಗೇನು ಕೈ ಹಿಡ್ಕೊಂಡು ಕೂತಿದಾನಾ?"

"ಎಷ್ಟು ಸಲ ಫೋನ್ ಮಾಡಿದೀನಿ ಗೊತ್ತಾ?"

"ಫೋನಲ್ಲಿ ಆಡಿದ ಮಾತಿಗೆ ಸಾಕ್ಷಿ ಎಲ್ಲಿ? ಬರೆದು ಕಳಿಸಿ. ಏನು ಕೆಟ್ಟಿದೆ, ಯಾವ ತಾರೀಕಿನೊಳಗೆ ಸರಿ ಮಾಡ್ಬೇಕು, ಮಾಡದಿದ್ರೆ ದೂರು ಕೊಡ್ತೀನಿ ಅಂತ. ಬೈಗುಳ ಬೇಡ. ನಾನು ಗ್ರಾಹಕರ ದೂರು ಕೇಂದ್ರಕ್ಕೆ ಹೋದಾಗ ಅವರು ಮೊದಲು ಕೇಳಿದ್ದೇ ಅದನ್ನ. ಮತ್ತೆ, ಬೇರೆಯವರ ಕೈಲಿ ಒಡೆಸೋ ಮೊದಲು ಇದ್ದದ್ದು ಇದ್ದ ಹಾಗೆ ವಿಡಿಯೋ ತೆಗೀರಿ. ಬಕೆಟ್ ಎಲ್ಲಿದೆ?"

ವ್ಯಾನಕ್ಕ ನೀರು ಹುಯ್ದಳು, ಬೀಗದಕ್ಕ ಫೋನ್ ಹಿಡಿದಳು. ನೀರು ಕೊಳವೆಯ ಕಡೆ ತಿರುಗಿಯೂ ನೋಡದೆ ನಡುಮನೆ ದಾಟಿ, ಬಾಗಿಲಲ್ಲಿ ಬಿಟ್ಟಿದ್ದ ವ್ಯಾನಕ್ಕನ ಚಪ್ಪಲಿಯನ್ನೇ ತೇಲಿಸಿತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆ ಮನೆಯಲ್ಲಿ ನಗು ಕೇಳಿ ಎಷ್ಟೋ ಕಾಲವಾಗಿತ್ತು.

ತಂಗಿಗೆ ದಿನವೂ ಹೇಳುತ್ತಿದ್ದ ಸುಳ್ಳನ್ನೂ ಬೀಗದಕ್ಕ ಬಾಯಿಬಿಟ್ಟಳು. ಹೊರಡುವಾಗ ವ್ಯಾನಕ್ಕ ಹೇಳಿದಳು, "ಈ ವಿಡಿಯೋನ ನಿಮ್ಮ ತಂಗಿಗೂ ಕಳಿಸಿ."

ಬೀಗದಕ್ಕ ಹಿಂದೆ ಮುಂದೆ ನೋಡಿ ಕೊನೆಗೆ ಕಳಿಸಿದಳು. ಕೂಡಲೇ ಫೋನ್ ಬಂತು.

"ಇಷ್ಟೇನಾ ಅಕ್ಕಾ?"

"ಇಷ್ಟೇ ಅಂದ್ರೆ? ಮನೆ ಕೆರೆ ಆಗಿದೆ ಕಣೇ."

ಆ ಕಡೆಯಿಂದ ಅಳು ಕೇಳಿಸಿತು. "ನಾನು ಬರೋದು ನಿನಗೆ ಬೇಡ, ಬಚ್ಚಲು ಬರೀ ನೆಪ ಅಂದ್ಕೊಂಡಿದ್ದೆ. ಅದಕ್ಕೇ ಕೇಳೋದು ಬಿಟ್ಟೆ."

ಬೀಗದಕ್ಕ ಅವತ್ತೇ ಮೇಸ್ತ್ರಿಗೆ ಬರೆದು ಕಳಿಸಿದಳು. ಉತ್ತರವಿಲ್ಲ. ಕೊಟ್ಟ ತಾರೀಕು ದಾಟಿದ ಮೇಲೆ ವ್ಯಾನಕ್ಕನ ಜೊತೆ ಹೋಗಿ ದೂರು ಕೊಟ್ಟಳು. ಕೇಂದ್ರದಿಂದ ನೋಟಿಸ್ ಹೋದದ್ದೇ ತಡ, ಮೇಸ್ತ್ರಿ ಓಡಿಬಂದ. ಬಂದವನು ಮೊದಲು ಕೇಳಿದ್ದು ಏಣಿಯನ್ನು.

"ತಗೊಂಡು ಹೋಗಪ್ಪ. ಅದನ್ನ ನೋಡ್ಕೊಂಡು ಕಾಯೋದು ಮುಗೀತು. ಮಿಕ್ಕ ಮಾತು ದೂರು ಕೇಂದ್ರದಲ್ಲಿ" ಎಂದಳು ಬೀಗದಕ್ಕ.

ಕೊಟ್ಟ ದುಡ್ಡೆಲ್ಲ ಹಿಂದೆ ಬಂತೆಂದು ಸುಳ್ಳು ಹೇಳಲಾರೆ. ಬಂದಷ್ಟೂ ತಡವಾಗಿ ಬಂತು. ಆದರೆ ಹೊಸ ಮೇಸ್ತ್ರಿಯ ಹತ್ತಿರ ಮೊದಲೇ ಎಲ್ಲ ಬರೆಸಿ ಸಹಿ ಹಾಕಿಸಿಕೊಂಡಳು. ಯಾವ ಕೆಲಸ ಮುಗಿಯಿತೋ ಆ ಕೆಲಸದ ದುಡ್ಡು ಮಾತ್ರ. ಕೊನೆಯ ಕಂತು, ಬಕೆಟ್ ನೀರು ಹುಯ್ದು ನೋಡಿದ ಮೇಲೆ.

ಈಗ ಸಂಜೆ ಆ ಮನೆಗೆ ತಂಗಿಯ ಫೋನ್ ಬರುವುದಿಲ್ಲ. ವಾಕರ್ ಸದ್ದು ಅಂಗಡಿಯವರೆಗೂ ಕೇಳುತ್ತದೆ. ಬಚ್ಚಲಿಗೆ ಬಾಗಿಲು ಬಂದಿದೆ. ಒಳಗೆ ತಂಗಿ ಜಾರಿದರೆ ಹೊರಗಿನಿಂದಲೂ ತೆಗೆಯಲು ಆಗುವಂಥ ಚಿಲಕವನ್ನು ಬೀಗದಕ್ಕ ತಾನೇ ಕೂರಿಸಿದ್ದಾಳೆ.

ಅಕ್ಕಂದಿರೇ, ಅಣ್ಣಂದಿರೇ, ಕೆಲಸ ಶುರುವಾಗುವ ಮೊದಲೇ ಬರೆಸಿಕೊಳ್ಳಿ. ಮುಗಿದಷ್ಟಕ್ಕೇ ದುಡ್ಡು ಕೊಡಿ. ಕೆಟ್ಟರೆ ವಿಡಿಯೋ ತೆಗೆದು ಬರಹದಲ್ಲಿ ಕೇಳಿ, ಅದಕ್ಕೂ ಬಗ್ಗದಿದ್ದರೆ ದೂರು ಕೊಡಿ. ಮತ್ತೆ, ನಿಮ್ಮ ಮನೆಯ ಮೂಲೆಯಲ್ಲೂ ಯಾರದಾದರೂ ಏಣಿ ನಿಂತಿದ್ದರೆ, ಇವತ್ತೇ ಪಕ್ಕದ ಮನೆಯವರನ್ನು ಒಳಗೆ ಕರೆದು ತೋರಿಸಿ. ನಾಚಿಕೆ ಪಡಬೇಕಾದವರು ನೀವಲ್ಲ.